ಕ್ರೇನಮ್ಮನ ಮಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಪ್ರೀತಿಯ ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು ಕೂತಿದ್ದೆ. ಹೊಡೆದು ಹಾಕೋಣ ಎನ್ನಿಸಿತು. ಆಮೇಲೆ ಇರಲಿ ಬಿಡು ಅಂದುಕೊಂಡೆ. ಸಿಟ್ಟು ಇರುವುದು ನಿಜ, ಪ್ರೀತಿ ಇರುವುದೂ ನಿಜ. ಎರಡೂ ಒಂದೇ ಲಕೋಟೆಯಲ್ಲಿ ಬರಲಿ.

ಅತ್ತಿಗೆ ತಂದುಕೊಟ್ಟ ನಿನ್ನ ಪತ್ರ ಓದಿದೆ. ನೀನು ಹೊಲಿದು ಕಳಿಸಿದ ಪುಟ್ಟ ಅಂಗಿಗಳೂ ಸಿಕ್ಕವು. ಅಂಗಿಗಳ ವಿಷಯ ಸುಲಭ, ಅದನ್ನೇ ಮೊದಲು ಹೇಳುತ್ತೇನೆ. ಅಳತೆ ನೋಡದೆ ಹೊಲಿದರೂ ಎಲ್ಲ ಸರಿಯಾಗಿ ಕೂತಿವೆ. ಮಗು ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡೀತು ಎಂದು ಕುತ್ತಿಗೆಗೆ ದಾರ ಇಟ್ಟಿದ್ದೀಯ. ಒಳಗಿನ ಹೊಲಿಗೆ ಚುಚ್ಚಬಾರದೆಂದು ಅಂಚನ್ನು ಮಡಿಸಿದ್ದೀಯ. ಇಷ್ಟೆಲ್ಲ ಯೋಚಿಸಿದ ಕೈಯೇ ಆ ಪತ್ರವನ್ನೂ ಬರೆಯಿತಲ್ಲ ಎಂದು ನನಗೆ ನಂಬಲು ಕಷ್ಟವಾಯಿತು.

ಪತ್ರಕ್ಕೆ ನನ್ನ ಉತ್ತರ ಇಷ್ಟೇ: ಕೊಡುವುದಿಲ್ಲ.

ಇಲ್ಲಿಗೆ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ನೀನು ನನ್ನ ಅಮ್ಮ. ಒಂದು ಮಾತಲ್ಲಿ ಉತ್ತರ ಕೊಟ್ಟರೆ, ಇವಳು ಹಳೆಯ ಹಠಮಾರಿಯೇ, ಯೋಚನೆ ಮಾಡದೆ ಬರೆದಿದ್ದಾಳೆ ಎಂದು ಅಣ್ಣನಿಗೆ ಓದಿ ಹೇಳುತ್ತೀಯ. ಯೋಚನೆ ಮಾಡಿದ್ದೇನೆ. ಅದನ್ನು ಪೂರ್ತಿ ಕೇಳು.

ನೀನು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ನನಗೆ ಗಂಡ ಇಲ್ಲ. ಮಗುವಿನ ಅಪ್ಪ ಸಮುದ್ರದ ಮೇಲಿನ ಕೆಲಸಕ್ಕೆ ಹೋದವನು ತಿರುಗಿ ನೋಡಿಲ್ಲ. ನನ್ನ ಕೆಲಸವೋ, ಬೆಳಿಗ್ಗೆ ಏಣಿ ಹತ್ತಿದರೆ ಸಂಜೆ ಇಳಿಯುವಂಥದ್ದು. ಅಣ್ಣನಿಗೆ ಕನ್ನಡಕದ ಅಂಗಡಿ ಇದೆ, ಸ್ವಂತ ಮನೆ ಇದೆ, ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲ. ಮಗು ಅವರದಾಗಿ ಬೆಳೆದರೆ ಅದಕ್ಕೊಬ್ಬ ಅಪ್ಪ ಸಿಗುತ್ತಾನೆ, ಅತ್ತಿಗೆಯ ಮಡಿಲು ತುಂಬುತ್ತದೆ, ನನಗೆ ನನ್ನ ಹಳೆಯ ಬದುಕು ವಾಪಸ್ ಬರುತ್ತದೆ, ಊರಿನ ಬಾಯಿ ಮುಚ್ಚುತ್ತದೆ. ಬಟ್ಟೆ ಕತ್ತರಿಸುವಾಗ ಚೂರೂ ವ್ಯರ್ಥವಾಗದಂತೆ ಗುರುತು ಹಾಕುತ್ತೀಯಲ್ಲ, ಹಾಗೆಯೇ ಇದೆ ನಿನ್ನ ಯೋಚನೆ. ಕೊನೆಗೆ ಮಾತ್ರ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದೀಯ. ನಿನ್ನಂಥವಳ ಕೈಯಲ್ಲಿ ಮಗು ಬಾಳುವುದಿಲ್ಲ ಎಂದು.

ನನ್ನಂಥವಳು ಎಂದರೆ ಯಾರೆಂದು ನಾನೇ ಹೇಳುತ್ತೇನೆ. ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ಶಾಲೆಯ ಹಿಂದಿನ ನೀರಿನ ಟ್ಯಾಂಕು ಹತ್ತಿ ಕೂತವಳು ನಾನು. ಅದು ನಿನಗೆ ಗೊತ್ತು. ನೀನು ಹೊಲಿಗೆ ಬಿಟ್ಟು ಓಡಿ ಬಂದು ಕೆಳಗೆ ನಿಂತಿದ್ದೆ. ತುಟಿಯ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದರಿಂದ ಬೈಯಲೂ ಆಗದೆ ಕೈ ಬೀಸುತ್ತಿದ್ದೆ. ಅಮ್ಮ ಟಾಟಾ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ಮೇಲಿಂದ ಟಾಟಾ ಮಾಡಿದೆ. ಆ ದಿನ ತಿಂದ ಏಟು ನೆನಪಿಲ್ಲ, ಮೇಲಿನ ಗಾಳಿ ನೆನಪಿದೆ. ಅಣ್ಣನ ಬೈಕನ್ನು ಕದ್ದು ಇಂಜಿನ್ ಆರಿಸಿ ದಿಬ್ಬದಿಂದ ಕೆಳಕ್ಕೆ ಬಿಟ್ಟು, ಭುಜದ ಮೂಳೆ ಮುರಿದುಕೊಂಡು ಬಂದವಳೂ ನಾನೇ. ಮೂಳೆ ಕೂಡಿಕೊಂಡ ಮೇಲೆ ಅದೇ ದಿಬ್ಬದಲ್ಲಿ ಮತ್ತೆ ಬಿಟ್ಟೆ. ಅದು ನಿನಗೆ ಗೊತ್ತಿಲ್ಲ.

ಟವರ್ ಕ್ರೇನ್ ನಡೆಸಲು ಕಲಿತ ಮೇಲೆ ಸೈಟಿನಲ್ಲಿ ನನಗೆ ಕ್ರೇನಮ್ಮ ಎಂದು ಹೆಸರು ಬಿತ್ತು. ಕಟ್ಟಡಕ್ಕಿಂತ ಎತ್ತರದಲ್ಲಿ, ಗಾಜಿನ ಪುಟ್ಟ ಕ್ಯಾಬಿನ್ನಿನಲ್ಲಿ ಕೂತು, ಕೆಳಗಿನ ಕಬ್ಬಿಣವನ್ನೂ ಕಾಂಕ್ರೀಟನ್ನೂ ಎತ್ತಿ ಹೇಳಿದ ಕಡೆ ಇಡುವ ಕೆಲಸ. ಮಗುವಿನ ಅಪ್ಪ ಕೆಳಗೆ ಕೊಕ್ಕೆಗೆ ಸರಕು ಕಟ್ಟುವವನು. ಒಂದು ದಿನ ಊಟದ ಹೊತ್ತಿನಲ್ಲಿ ವಾಕಿಟಾಕಿಯಲ್ಲಿ ಕೆಣಕಿದ, ಕ್ರೇನಿನ ತೋಳಿನ ಮೇಲೆ ತುದಿಯವರೆಗೂ ನಡೆಯೋ ಧೈರ್ಯ ಇದೆಯಾ ಅಂತ. ನಾನು ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟ್ ಬಿಚ್ಚಿಟ್ಟು ನಡೆದೆ. ತುದಿಗೆ ಹೋಗಿ ಕಾಲು ಇಳಿಬಿಟ್ಟು ಕೂತೆ. ಕೆಳಗೆ ಊಟದ ಡಬ್ಬಿ ಹಿಡಿದವರೆಲ್ಲ ಕತ್ತು ಮೇಲೆತ್ತಿ ಕಲ್ಲಾಗಿದ್ದರು. ಕಂಪನಿಯವರು ನನ್ನನ್ನು ಕೆಲಸದಿಂದ ಕೆಲವು ವಾರ ದೂರ ಇಟ್ಟರು, ಇನ್ನೊಂದು ಸಲ ಹೀಗಾದರೆ ಮನೆಗೇ ಎಂದರು. ಅದೆಲ್ಲ ಸರಿಯೇ. ಆದರೆ ಅಮ್ಮ, ಅಲ್ಲಿ ಕೂತಿದ್ದ ಹೊತ್ತು ನನಗೆ ಎಷ್ಟು ಹಿತವಾಗಿತ್ತೆಂದು ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಲಾರೆ. ಆಗ ನನ್ನ ಜೀವ ನನ್ನೊಬ್ಬಳದೇ ಆಗಿತ್ತು, ಖರ್ಚು ಮಾಡಿದೆ.

ಮಗು ಬರುತ್ತದೆ ಎಂದು ತಿಳಿಸಿದ ದಿನ ಅವನು ನಕ್ಕ, ಕೆನ್ನೆ ತಟ್ಟಿದ, ಮರುವಾರವೇ ಸಮುದ್ರದ ನಡುವಿನ ಎಣ್ಣೆ ಬಾವಿಯ ಕೆಲಸಕ್ಕೆ ಅರ್ಜಿ ಹಾಕಿದ. ಎತ್ತರಕ್ಕೆ ಹೆದರದವನು ತೊಟ್ಟಿಲಿಗೆ ಹೆದರಿದ. ನಾನು ಅತ್ತದ್ದು ಹೌದು. ಕಾಯುತ್ತಿದ್ದೇನೆ ಎಂದು ತಿಳಿಯಬೇಡ.

ಹೆರಿಗೆಯಾದ ಮೇಲೆ ಎಲ್ಲರೂ ನಾನು ಪಳಗುವುದನ್ನು ನೋಡಲು ಕಾಯುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಮಗುವನ್ನು ಕೈಗಿಡುತ್ತಾ, ಇನ್ನು ನಿನ್ನ ಕುಣಿತ ಎಲ್ಲ ಮುಗೀತು ಬಿಡು ಎಂದು ನಕ್ಕಳು. ಅಣ್ಣ ಫೋನಿನಲ್ಲಿ, ಈಗಲಾದ್ರೂ ಬುದ್ಧಿ ಬಂತಾ ಎಂದ. ಮಗು ಹೇಗಿದೆ ಎಂದು ಕೇಳಿದ್ದು ಆಮೇಲೆ. ಬುದ್ಧಿ ಬರಲಿಲ್ಲ ಅಮ್ಮ. ಬಂದದ್ದು ನಿದ್ದೆ, ಅದೂ ಮಗುವಿಗೆ ಬೇಡದ ಹೊತ್ತಿನಲ್ಲಿ. ಇವಳು ಆಗ ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಕಣ್ಣು ಬಿಡುತ್ತಿದ್ದಳು. ಕಾವಲುಗಾರನ ಹೆಂಡತಿ ಅದಕ್ಕೇ ಗೂಬೆಮರಿ ಎಂದು ಹೆಸರಿಟ್ಟಿದ್ದಾಳೆ. ಸೈಟಿನ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕೆಲಸದವರ ಮಕ್ಕಳನ್ನೆಲ್ಲ ನೋಡಿಕೊಳ್ಳುವವಳು ಅವಳೇ.

ತಾಯಿಯಾದ ತಕ್ಷಣ ಪ್ರೀತಿ ಉಕ್ಕಿ ಹರಿಯಿತು ಎಂದು ಬರೆದರೆ ನಿನಗೆ ಸಮಾಧಾನವಾಗುತ್ತದೆ. ಹಾಗಾಗಲಿಲ್ಲ. ಮೊದಲ ಕೆಲವು ವಾರ ಈ ಒಂದೇ ಕೋಣೆಯಲ್ಲಿ, ಒದ್ದೆ ಬಟ್ಟೆಗಳ ನಡುವೆ, ಯಾರೋ ನನ್ನನ್ನು ಕೂಡಿ ಹಾಕಿದ ಹಾಗೆ ಉಸಿರು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಮಗುವನ್ನು ಕಾವಲುಗಾರನ ಹೆಂಡತಿಯ ಹತ್ತಿರ ಬಿಟ್ಟು, ಅಂಗಡಿಗೆ ಹೋಗಿ ಬರ್ತೀನಿ ಎಂದು ಹೇಳಿ, ಬೈಕ್ ಹತ್ತಿ ಹೆದ್ದಾರಿಗೆ ಹೋದೆ. ಕೈ ತಿರುಗಿಸಿದಷ್ಟೂ ಓಡಿಸಿದೆ. ಲಾರಿಗಳ ನಡುವೆ ನುಗ್ಗಿದೆ. ಹಳೆಯ ನಾನು ಪೂರ್ತಿ ಹಾಗೇ ಇದ್ದೇನೆ ಎಂದು ಖುಷಿಯಾಯಿತು. ಅಷ್ಟರಲ್ಲಿ ಎದೆ ಬಿಗಿದು ಹಾಲು ಸೋರಿತು. ಅಂಗಿಯೆಲ್ಲ ಒದ್ದೆ, ಅದರ ಮೇಲೆ ಗಾಳಿ ಹೊಡೆದು ತಣ್ಣಗೆ. ಬೈಕನ್ನು ರಸ್ತೆ ಬದಿಗೆ ನಿಲ್ಲಿಸಿದೆ. ನನ್ನನ್ನು ಕೇಳದೆ ನನ್ನ ಮೈ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಎಷ್ಟು ಸಿಟ್ಟು ಬಂತೆಂದರೆ ಬೈಕಿನ ಟೈರಿಗೆ ಒದ್ದೆ. ಆಮೇಲೆ ತಿರುಗಿಸಿಕೊಂಡು ಬಂದೆ. ಬರುವಾಗ ನಿಧಾನವಾಗಿ ಓಡಿಸಿದೆ. ಲಾರಿಗೆ ದಾರಿ ಬಿಟ್ಟೆ.

ಆ ಹೊತ್ತಿಗೆ ಗೂಬೆಮರಿ ಹಸಿದು ಅತ್ತು ಅತ್ತು ಕೆಂಪಗಾಗಿದ್ದಳು. ಹಾಲು ಕುಡಿಯುತ್ತಾ ನನ್ನ ಒದ್ದೆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಪ್ರೀತಿ ಅಂದೇ ಶುರುವಾಯಿತೋ ಏನೋ, ನನಗೆ ಖಚಿತವಿಲ್ಲ. ಇವಳೂ ನನ್ನ ಹಾಗೆಯೇ ಜಗಳಗಂಟಿ ಎಂದು ಗೊತ್ತಾಯಿತು. ಗೌರವ ಶುರುವಾಯಿತು.

ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನ ಇನ್ನೊಂದು ಆಯಿತು. ಏಣಿ ಹತ್ತುತ್ತಿದ್ದೆ. ಎಷ್ಟು ವರ್ಷದಿಂದ ಹತ್ತಿದ ಏಣಿ, ಕಣ್ಣು ಮುಚ್ಚಿ ಹತ್ತುತ್ತೇನೆ ಎಂದು ಜಂಬ ಕೊಚ್ಚಿಕೊಂಡವಳು. ಅರ್ಧಕ್ಕೆ ಬಂದಾಗ ಕೆಳಗೆ ನೋಡಿದೆ. ಹತ್ತುವಾಗ ಯಾವತ್ತೂ ಹಾಗೆ ನೋಡಿದವಳಲ್ಲ. ತಗಡಿನ ಕೋಣೆಯ ಮಾಡು ಕಾಣಿಸಿತು. ಅದರಡಿಯಲ್ಲಿ ಇವಳು ಮಲಗಿದ್ದಾಳೆ ಎನ್ನಿಸಿತು. ಕಾಲು ನಿಂತಿತು. ಹತ್ತಲೂ ಆಗದು, ಇಳಿಯಲೂ ಆಗದು. ಅಲ್ಲೇ ಇದ್ದ ಕಬ್ಬಿಣದ ಅಟ್ಟಣೆಯ ಮೇಲೆ ಕೂತು ಕಂಬವನ್ನು ಅಪ್ಪಿಕೊಂಡೆ. ಕೆಳಗಿನಿಂದ ಫಿಟ್ಟರ್, ಏನಾಯ್ತು ಕ್ರೇನಮ್ಮ, ತಲೆ ಸುತ್ತಾ ಎಂದು ಕೂಗಿದ. ಅಲ್ಲ, ಬೆಲ್ಟ್ ನೋಡ್ಕೊಳ್ತಿದೀನಿ ಎಂದೆ. ಹೇಳಿದ ಮೇಲೆ ನಿಜಕ್ಕೂ ನೋಡಿಕೊಂಡೆ. ಕೊಕ್ಕೆ ಎಳೆದು ನೋಡಿದೆ, ಮತ್ತೊಮ್ಮೆ ಎಳೆದೆ. ಹೆದರಿಕೆ ಅಂದರೆ ಏನು ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನೀನು ಟ್ಯಾಂಕಿನ ಕೆಳಗೆ ನಿಂತಿದ್ದಾಗ ನಿನ್ನ ಹೊಟ್ಟೆಯಲ್ಲಿ ಇದ್ದದ್ದು ಇದೇ ಇರಬೇಕು. ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಹತ್ತಿದೆ. ಹೆದರಿಕೆಯನ್ನು ಕೆಳಗೆ ಬಿಟ್ಟು ಹತ್ತಲಿಲ್ಲ, ಜೊತೆಗೇ ಕರೆದುಕೊಂಡು ಹೋದೆ. ಈಗ ದಿನವೂ ಅದು ನನ್ನ ಪಕ್ಕದಲ್ಲೇ ಕೂರುತ್ತದೆ.

ನಿನ್ನ ಸೊಸೆ ಬಂದದ್ದು ಅದಾದ ಮೇಲೆ.

ಬಸ್ಸಿನಿಂದ ಇಳಿದು ನೇರ ಗೇಟಿಗೆ ಬಂದಿದ್ದರು. ಒಂದು ಕೈಯಲ್ಲಿ ನಿನ್ನ ಅಂಗಿಗಳ ಚೀಲ, ಇನ್ನೊಂದರಲ್ಲಿ ನಿನ್ನ ಪತ್ರ. ಪತ್ರವನ್ನು ಆಮೇಲೆ ಓದು ಎಂದು ನನ್ನ ಕೈಗೆ ತುರುಕಿ, ಮಗುವನ್ನು ಎತ್ತಿಕೊಂಡರು. ಗೂಬೆಮರಿ ಅವರ ಹೆಗಲಿಗೆ ಕೆನ್ನೆ ಒತ್ತಿ ಅಲ್ಲೇ ಮಲಗಿಬಿಟ್ಟಳು. ನನ್ನ ಹೆಗಲ ಮೇಲೆ ಯಾವತ್ತೂ ಅಷ್ಟು ಬೇಗ ಮಲಗಿದವಳಲ್ಲ. ಕಾವಲುಗಾರನ ಹೆಂಡತಿ ಬೇರೆ, ಏನ್ ಕೈಗುಣ ತಾಯಿ ನಿಮ್ಮದು ಎಂದಳು. ನನಗೆ ಎದೆಯಲ್ಲಿ ಏನೋ ಚುಚ್ಚಿತು. ಹೊಟ್ಟೆಕಿಚ್ಚು ಎಂದೇ ಹೇಳುತ್ತೇನೆ, ಬೇರೆ ಒಳ್ಳೆಯ ಹೆಸರು ಬೇಡ.

ಅತ್ತಿಗೆ ಈ ಕೋಣೆಯಲ್ಲಿ ಹೊಂದಿಕೊಂಡದ್ದು ನೋಡಿದರೆ ಹುಟ್ಟಿದ್ದೇ ಇಲ್ಲಿ ಎನ್ನಬೇಕು. ಕಿಟಕಿಗೆ ಅಡ್ಡ ದಾರ ಕಟ್ಟಿ ಬಟ್ಟೆ ಒಣಗಿಸಿದರು. ಮಗುವಿಗೆ ಹಗಲು ಸ್ನಾನ ಮಾಡಿಸಿ, ಆಟವಾಡಿಸಿ, ಕತ್ತಲಾದ ಮೇಲೆ ಮಲಗುವ ಅಭ್ಯಾಸ ಹಿಡಿಸಿದರು. ಮಧ್ಯಾಹ್ನ ಹಾಲಿನ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಗೇಟಿಗೆ ಬರುತ್ತಿದ್ದರು. ನಾನು ಅಷ್ಟು ಏಣಿ ಇಳಿದು ಬಂದು ಹಾಲು ಕುಡಿಸಿ ಮತ್ತೆ ಹತ್ತುತ್ತಿದ್ದೆ. ಕ್ಯಾಬಿನ್ನಿನಿಂದ ನೋಡಿದರೆ ಅವರಿಬ್ಬರೂ ಗೇಟಿನಾಚೆ ಒಂದೇ ಚುಕ್ಕೆಯ ಹಾಗೆ ಕಾಣುತ್ತಿದ್ದರು. ನಿನ್ನ ಪತ್ರದ ಬಗ್ಗೆ ಅವರು ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ದಿನ ಕಳೆದಂತೆ ಗೂಬೆಮರಿ ನನಗಿಂತ ಅವರ ದನಿಗೇ ಬೇಗ ತಿರುಗುತ್ತಿದ್ದಳು. ನೀನು ಹೇಳಿದ್ದು ಸರಿ ಇರಬಹುದೇನೋ ಎಂದು ನನಗೂ ಅನ್ನಿಸತೊಡಗಿತ್ತು. ಈ ಒಂದು ವಾಕ್ಯವನ್ನು ಅಣ್ಣನಿಗೆ ಓದಿ ಹೇಳಬೇಡ.

ಹೋದ ವಾರ ಸೈಟಿನಲ್ಲಿ ಶಟರಿಂಗ್ ಹಲಗೆಗಳನ್ನು ಮೇಲಿನ ಮಹಡಿಗೆ ಏರಿಸಬೇಕಿತ್ತು. ಕಾಂಕ್ರೀಟು ಹಾಕುವ ಮೊದಲು ಗೋಡೆಯ ಆಕಾರಕ್ಕೆ ನಿಲ್ಲಿಸುತ್ತಾರಲ್ಲ, ಆ ದೊಡ್ಡ ಹಲಗೆಗಳು. ಕೊಕ್ಕೆಗೆ ನೇತುಹಾಕಿದಾಗ ಗಾಳಿ ಬಂದರೆ ಹಾಯಿಯ ಹಾಗೆ ಉಬ್ಬಿಕೊಂಡು ತಿರುಗುತ್ತವೆ. ಬೆಳಿಗ್ಗೆಯಿಂದಲೇ ಗಾಳಿ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಗಾಳಿ ಅಳೆಯುವ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು ಬಂದು ಹಿಂದೆ ಹೋಗುತ್ತಿತ್ತು. ಗೆರೆ ದಾಟಿದ್ದರೆ ಕೆಲಸ ತಾನಾಗಿಯೇ ನಿಲ್ಲುತ್ತಿತ್ತು, ದಾಟಿರಲಿಲ್ಲ. ಕೆಳಗೆ ಹಲಗೆ ಹಿಡಿಯಲು ನಿಂತವರಲ್ಲಿ ಇಬ್ಬರು ಹೊಸಬರು. ಇಂಜಿನಿಯರ್ ಸಾಹೇಬರು ವಾಕಿಟಾಕಿಯಲ್ಲಿ, ಎತ್ತು ಕ್ರೇನಮ್ಮ ಎಂದರು. ಇದಕ್ಕಿಂತ ಜೋರು ಗಾಳಿಯಲ್ಲಿ ಹಾಡು ಹೇಳಿಕೊಂಡು ಎತ್ತಿದವಳು ನಾನು.

ಇವತ್ತು ಎತ್ತಲ್ಲ ಸಾರ್, ಗಾಳಿ ಇಳೀಲಿ ಎಂದೆ.

ಮೀಟರ್ ನೋಡು, ರೂಲ್ ಪ್ರಕಾರ ಎತ್ತಬಹುದು ಎಂದರು.

ರೂಲ್ ಪ್ರಕಾರ ಎತ್ತಬಹುದು, ನನಗೆ ಹೆದರಿಕೆ ಆಗ್ತಿದೆ ಎಂದೆ.

ಅಮ್ಮ, ವಾಕಿಟಾಕಿಯಲ್ಲಿ ಹೇಳಿದ್ದು ಸೈಟಿನ ಎಲ್ಲರಿಗೂ ಕೇಳಿಸುತ್ತದೆ. ಯಾರೋ ನಕ್ಕರು. ಇನ್ಯಾರೋ ಮಗು ಅಳುವ ಹಾಗೆ ದನಿ ಮಾಡಿದರು. ಇಂಜಿನಿಯರ್ ಸಾಹೇಬರು, ಸರಿ ಕೆಳಗಿಳಿ, ಇನ್ನೊಬ್ಬನನ್ನ ಕರೆಸ್ತೀನಿ ಎಂದರು. ಇಳಿದೆ. ಪಕ್ಕದ ಸೈಟಿನ ಆಪರೇಟರ್ ಬಂದು ಹತ್ತಿದ. ಗಾಳಿ ಸ್ವಲ್ಪ ತಗ್ಗಿತು, ಅವನು ಎಲ್ಲ ಹಲಗೆಗಳನ್ನೂ ಒಂದೊಂದಾಗಿ ಎತ್ತಿ ಜಾಗದಲ್ಲಿ ಇಟ್ಟ. ಏನೂ ಆಗಲಿಲ್ಲ. ಯಾರಿಗೂ ಒಂದು ಗೀರೂ ಆಗಲಿಲ್ಲ. ನನ್ನ ಮಾತು ನಿಜವಾಯಿತು ಎಂದು ಎದೆ ತಟ್ಟಿಕೊಳ್ಳಲು ನನಗೆ ಏನೂ ಉಳಿಯಲಿಲ್ಲ. ತಾಯಿ ಆದ್ಮೇಲೆ ಪುಕ್ಕಲಿ ಆದೆ ನೀನು, ಈ ವಾರ ಕೆಳಗೆ ನಿಂತು ಸಿಗ್ನಲ್ ಕೊಡು ಎಂದು ಸಾಹೇಬರು ಮನೆಗೆ ಕಳಿಸಿದರು.

ಆದರೂ ಹೇಳುತ್ತೇನೆ, ನಾಳೆ ಅದೇ ಗಾಳಿ ಬಂದರೆ ನಾನು ಮತ್ತೆ ಎತ್ತುವುದಿಲ್ಲ. ಮುಂಚೆ ಯಾರಾದರೂ ಪುಕ್ಕಲಿ ಅಂದಿದ್ದರೆ ಕ್ರೇನಿನ ತೋಳಿನ ಮೇಲೆ ಕುಣಿದು ತೋರಿಸುತ್ತಿದ್ದೆ. ಈಗ ಅಂದವರ ಮುಖ ನೋಡಿಕೊಂಡು, ಹೌದು ಎಂದು ಹೇಳಿ, ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿ ಹೊರಟು ಬಂದೆ. ನನಗೆ ಇದು ಆ ತೋಳಿನ ಮೇಲೆ ನಡೆದದ್ದಕ್ಕಿಂತ ಕಷ್ಟವಾಯಿತು.

ಹಾಗೆ ನಡು ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲು ಅರೆ ತೆರೆದಿತ್ತು. ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಅತ್ತಿಗೆಯ ದನಿ ಕೇಳಿತು. ಬಾ ಬಾ, ಅಮ್ಮನ ಹತ್ರ ಬಾ, ಅಮ್ಮನ ಮೂಗು ಹಿಡ್ಕೋ ಎನ್ನುತ್ತಿದ್ದರು. ಅಮ್ಮ ಎಂದದ್ದು ತಮ್ಮನ್ನೇ. ಗೂಬೆಮರಿ ಅವರ ತೊಡೆಯ ಮೇಲೆ ಕೂತು ಅವರ ಮೂಗು ಹಿಡಿಯಲು ಕೈ ಚಾಚುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತದ್ದು ಕಂಡು ಅತ್ತಿಗೆಯ ಮುಖ ಬಿಳುಚಿಕೊಂಡಿತು. ನಾನು ಕೈ ತೊಳೆದುಕೊಂಡು ಬಂದು ಎದುರಿಗೆ ನೆಲದ ಮೇಲೆ ಕೂತೆ. ಕೊಡಿ ಅತ್ತಿಗೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಾ ಕೂತರು. ಹಳೆಯ ನಾನಾಗಿದ್ದರೆ ಕಿತ್ತುಕೊಂಡಿರುತ್ತಿದ್ದೆ. ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾದೆ. ಕೊನೆಗೆ ಕೊಟ್ಟರು. ಕೊಟ್ಟ ಮೇಲೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಂಡರು.

"ಒಂದೇ ಸಲ ಅಂದು ನೋಡಿದೆ ಕಣೇ. ಹೇಗಿರುತ್ತೆ ಅಂತ," ಎಂದರು.

"ಅಂದಿದ್ದಕ್ಕೆ ನನಗೇನೂ ಬೇಜಾರಿಲ್ಲ ಅತ್ತಿಗೆ. ಆದ್ರೆ ಕೊಡಲ್ಲ."

"ನಿನ್ನ ಹಠಕ್ಕೆ ಕೊಡಲ್ಲ ಅಂತೀಯ. ನಾಳೆ ಅಲ್ಲಿಂದ ಬಿದ್ರೆ? ಇದರ ಗತಿ?"

"ಬೀಳ್ಬಾರ್ದು ಅಂತಾನೇ ಇವತ್ತು ಎತ್ತಲ್ಲ ಅಂದು ಬಂದೆ. ಅದಕ್ಕೇ ಇಷ್ಟು ಬೇಗ ಮನೇಲಿದೀನಿ."

ಸೈಟಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಕ್ಕದ್ದು, ಮಗುವಿನ ದನಿ ಮಾಡಿದ್ದು, ಆ ಇನ್ನೊಬ್ಬ ಚೆನ್ನಾಗಿಯೇ ಎತ್ತಿ ಇಟ್ಟದ್ದು, ಎಲ್ಲ. ಅತ್ತಿಗೆ, ಅಷ್ಟು ಜನರ ಮುಂದೆ ಹೆದರಿಕೆ ಆಗುತ್ತೆ ಅಂತ ಹೇಳಿದ್ಯಾ, ನೀನಾ ಎಂದು ಕೇಳಿದರು. ಹೂಂ ಎಂದೆ. ಅವರಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಅವರ ಪಕ್ಕಕ್ಕೆ ಸರಿದು ಕೂತೆ. ಗೂಬೆಮರಿ ಒಂದು ಕೈಯಲ್ಲಿ ನನ್ನ ಕೂದಲು, ಇನ್ನೊಂದು ಕೈಯಲ್ಲಿ ಅವರ ಬಳೆ ಹಿಡಿದು ಎಳೆಯುತ್ತಿದ್ದಳು. ಆ ಸಂಜೆ ನಾವಿಬ್ಬರೂ ತುಂಬ ಮಾತಾಡಿದೆವು. ಅದರಲ್ಲಿ ನಿನಗೆ ಸಂಬಂಧಿಸಿದ್ದು ಸ್ವಲ್ಪ ಮಾತ್ರ.

ನಾನು ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಮಗು ಬಂದು ನನ್ನನ್ನು ಪಳಗಿಸಿತು ಎಂದು ಎಲ್ಲರೂ ಹೇಳಿಕೊಳ್ಳಲಿ, ನಾನು ಒಪ್ಪುವುದಿಲ್ಲ. ನಾನು ಬದಲಾಗಿದ್ದೇನೆ, ಅದು ಬೇರೆ ವಿಷಯ. ಮುಂಚೆ ಯಾರಾದರೂ ಎಲ್ಲಿಗೆ ತಳ್ಳಿದರೂ ಜಿಗಿಯುತ್ತಿದ್ದೆ. ಅವನು ಕೆಣಕಿದ, ಜಿಗಿದೆ. ನೀನು ಬೇಡ ಅಂದೆ, ಬೇಡ ಅಂದದ್ದಕ್ಕೇ ಜಿಗಿದೆ. ಈಗ ಯಾರು ತಳ್ಳಿದರೂ ನಿಂತ ಜಾಗದಲ್ಲಿ ನಿಲ್ಲುತ್ತೇನೆ. ಇಂಜಿನಿಯರ್ ಸಾಹೇಬರು ತಳ್ಳಿದರು, ನಿಂತೆ. ನೀನು ತಳ್ಳುತ್ತಿದ್ದೀಯ, ನಿಂತಿದ್ದೇನೆ. ಹಠ ಅದೇ ಅಮ್ಮ, ಇಟ್ಟುಕೊಂಡಿರುವ ಜಾಗ ಬೇರೆ.

ಊರಿನ ಬಾಯಿಯ ಬಗ್ಗೆ ಬರೆದಿದ್ದೀಯ. ಅಪ್ಪ ಮನೆ ಬಿಟ್ಟು ಹೋದಾಗ ಊರಿಗೆ ಬಾಯಿ ಇರಲಿಲ್ಲವೇ? ಇಬ್ಬರು ಮಕ್ಕಳನ್ನು ಒಂದು ಹೊಲಿಗೆ ಮೆಷಿನ್ ಮೇಲೆ ಬೆಳೆಸಿದವಳು ನೀನು. ನಾನು ನಿದ್ದೆ ಹೋಗುತ್ತಿದ್ದದ್ದು ಆ ಮೆಷಿನ್ನಿನ ಸದ್ದಿಗೆ. ನಿನ್ನಂಥವಳ ಕೈಯಲ್ಲಿ ಮಕ್ಕಳು ಬಾಳುವುದಿಲ್ಲ ಎಂದು ನಿನಗೂ ಯಾರಾದರೂ ಹೇಳಿರಬೇಕು. ನೀನು ಅವರಿಗೆ ಕೊಟ್ಟ ಉತ್ತರವನ್ನೇ ನಾನು ನಿನಗೆ ಕೊಡುತ್ತಿದ್ದೇನೆ ಎಂದುಕೋ. ಅಣ್ಣ ಬಾಳಿದ, ಅಂಗಡಿ ಇಟ್ಟ. ನಾನೂ ಬಾಳಿದೆ, ಅವನಿಗಿಂತ ಎತ್ತರದಲ್ಲಿ.

ಅತ್ತಿಗೆಯನ್ನು ಬೈಯಬೇಡ. ಅವರು ನೀನು ಹೇಳಿದ್ದನ್ನೆಲ್ಲ ಮಾಡಿದರು. ಮಗುವನ್ನು ನನಗಿಂತ ಚೆನ್ನಾಗಿ ನೋಡಿಕೊಂಡರು. ಬರಿಗೈಯಲ್ಲಿ ಬಂದಳು ಎಂದು ಅಣ್ಣ ಮುಖ ಊದಿಸಿಕೊಂಡರೆ, ಅದು ನನ್ನ ತೀರ್ಮಾನ ಎಂದು ಹೇಳು. ಮಗುವಿಗೆ ಅವರು ಅತ್ತೆಯೇ. ಅಮ್ಮ ಎಂದು ಕರೆಯಬೇಕೆನ್ನಿಸಿದರೆ ಅದು ಗೂಬೆಮರಿ ಮಾತು ಕಲಿತ ಮೇಲೆ ಅವಳ ಇಷ್ಟ. ಆದರೆ ಯಾರೂ ಅವಳನ್ನು ಮೂಟೆ ಕಟ್ಟಿ ಬಸ್ಸಿಗೆ ಹಾಕಿ ಕರೆದೊಯ್ಯುವಂತಿಲ್ಲ.

ನನ್ನ ಶಿಕ್ಷೆಯ ವಾರ ಮುಗಿಯಿತು. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವಳನ್ನು, ಪಕ್ಕದ ಸೈಟಿನವನಿಗೆ ಅವನದೇ ಕೆಲಸ ಹೆಚ್ಚಾದ ಕಾರಣ, ಮತ್ತೆ ಮೇಲೆ ಕಳಿಸಿದ್ದಾರೆ. ಸಾಹೇಬರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮಧ್ಯಾಹ್ನ ಹಾಲು ಕುಡಿಸಲು ಇಳಿದರೆ ಗಡಿಯಾರ ನೋಡುತ್ತಾರೆ. ನೋಡಿಕೊಳ್ಳಲಿ.

ನಿನ್ನನ್ನು ಕರೆಯುವುದೋ ಬೇಡವೋ ಎಂದು ಯೋಚಿಸಿದೆ. ಕರೆಯುತ್ತೇನೆ. ಇಲ್ಲಿ ಕೋಣೆ ಒಂದೇ, ನಲ್ಲಿಯಲ್ಲಿ ನೀರು ಬೆಳಿಗ್ಗೆ ಮಾತ್ರ, ಹಗಲೆಲ್ಲ ಸೈಟಿನ ಗಡಗಡ. ಇದೆಲ್ಲ ಗೊತ್ತಿದ್ದೇ ಬಾ. ಆದರೆ ಅಜ್ಜಿಯಾಗಿ ಬಾ. ನ್ಯಾಯ ಹೇಳಲು ಬರುವುದಾದರೆ ಬರಬೇಡ. ಮಗು ನಿನ್ನ ಮೂಗನ್ನು ಹೊತ್ತುಕೊಂಡು ಬಂದಿದೆ ಎಂದು ಅತ್ತಿಗೆ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ, ನೀನೇ ಬಂದು ತೀರ್ಮಾನಿಸು.

ಗೂಬೆಮರಿ ಎದ್ದಳು. ಮುಗಿಸುತ್ತೇನೆ.

ನಿನ್ನ ಮಗಳು,
ಇವಳ ತಾಯಿ

ಮ.ವಿ.: ಪತ್ರ ಮಡಿಸುವ ಮೊದಲು ಅತ್ತಿಗೆ ಓದಲು ಕೇಳಿದರು, ಕೊಟ್ಟೆ. ಬರಿಗೈಯಲ್ಲಿ ಬಂದಳು ಎಂದು ಬರೆದಿದ್ದೇನಲ್ಲ, ಅಲ್ಲಿ ಬೆರಳಿಟ್ಟು, ಇದು ತಪ್ಪು, ತಿದ್ದು ಎಂದರು. ಏನಂತ ತಿದ್ದಲಿ ಎಂದೆ. ನಾನು ಬರೋದೇ ಇಲ್ಲ ಅಂತ ಬರಿ ಎಂದರು. ಆ ಸಂಜೆ ನಾವು ಮಾತಾಡಿದ ಉಳಿದದ್ದನ್ನೂ ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಅವರಲ್ಲಿ ದೋಷ ಇಲ್ಲ ಎಂದು ಡಾಕ್ಟರು ಹೇಳಿ ವರ್ಷಗಳೇ ಆದವಂತೆ. ಗಂಡನನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದಿದ್ದರಂತೆ. ಅಣ್ಣ ಇವತ್ತಿನವರೆಗೂ ಹೋಗಿಲ್ಲ. ನೀನು ಸೊಸೆಯನ್ನು ಬಂಜೆ ಎಂದು ಅಷ್ಟೆಲ್ಲ ಅನ್ನುವಾಗಲೂ ಪಕ್ಕದಲ್ಲೇ ಕೂತು ಕನ್ನಡಕ ಒರೆಸುತ್ತಿದ್ದನಂತೆ. ತಗಡಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಿತ್ತು, ನನಗೂ ಹೇಳದೆ ಅವರೇ ಹೋಗಿ ಮಾತಾಡಿ ಬಂದಿದ್ದಾರೆ. ಸೋಮವಾರದಿಂದ ಅತ್ತಿಗೆಗೆ ಅಲ್ಲಿ ಕೆಲಸ. ಕೆಳಗಿನ ಸಾಲುಗಳು ಅವರ ಕೈಬರಹ.

ಅತ್ತೆಯವರಿಗೆ ನಮಸ್ಕಾರ. ನಾನು ಮನೆ ಬಿಟ್ಟು ಓಡಿ ಬಂದವಳಲ್ಲ, ನನ್ನನ್ನು ಬಸ್ಸು ಹತ್ತಿಸಿ ಇಲ್ಲಿಗೆ ಕಳಿಸಿದ್ದು ನೀವೇ. ವಾಪಸ್ ಕರೆದುಕೊಂಡು ಹೋಗಬೇಕಾದವರು ನಿಮ್ಮ ಮಗ, ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ.